ಒಬ್ಬಳೇ ವಿದ್ಯಾರ್ಥಿನಿಯ ತರಗತಿ

(ಸುವರ್ಣ ಮಹೋತ್ಸವದ ಗುರುವಂದನಾ ಸಭೆಯಲ್ಲಿ ನಿವೃತ್ತ ಕನ್ನಡ ಶಿಕ್ಷಕರೊಬ್ಬರು ಆಡಿದ ಮಾತುಗಳು)



ಹೊಳೆಹೊನ್ನೂರಿನ ಈ ಶಾಲೆಯಲ್ಲಿ ನಾನು ಪಾಠ ಮಾಡಿದ್ದು ಕನ್ನಡ. ಇವತ್ತು ಹೇಳಲು ಹೊರಟಿರುವುದು ಮಾತ್ರ ನನ್ನದಲ್ಲದ ವಿಷಯದ ಬಗ್ಗೆ, ಸಂಸ್ಕೃತದ ಬಗ್ಗೆ.

ಒಂದು ವರ್ಷ ಹತ್ತನೇ ತರಗತಿಗೆ ಹೊಸ ಹುಡುಗಿಯೊಬ್ಬಳು ಬಂದಳು. ಭದ್ರಾವತಿಯಲ್ಲಿ ಅಪ್ಪನ ಕೆಲಸ ಹೋಗಿ, ಮನೆಯವರೆಲ್ಲ ಇಲ್ಲಿ ಅಜ್ಜಿಯ ಮನೆ ಸೇರಿದ್ದರು. ಅಲ್ಲಿ ಅವಳ ಪ್ರಥಮ ಭಾಷೆ ಸಂಸ್ಕೃತ. ನಮ್ಮಲ್ಲಿ ಸಂಸ್ಕೃತದ ಮೇಷ್ಟ್ರಿಲ್ಲ. ಈ ಹಂತದಲ್ಲಿ ಭಾಷೆ ಬದಲಾಯಿಸಲು ಅವಳಿಗೆ ಮನಸ್ಸಿಲ್ಲ. ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ನಾನು ಕಲಿತಿದ್ದ ಸಂಸ್ಕೃತವೋ, ಹಳಗನ್ನಡ ಓದಲು ಬೇಕಾದಷ್ಟು ಮಾತ್ರ. ಆದರೂ ಒಪ್ಪಿಕೊಂಡೆ. ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಜಗಲಿಯಲ್ಲಿ ಒಂದು ಬೆಂಚು.

ನನಗೆ ಹೇಳಿಕೊಟ್ಟ ಹಾಗೇ ನಾನೂ ಹೇಳಿಕೊಟ್ಟೆ. ರಾಮಃ ರಾಮೌ ರಾಮಾಃ. ಎರಡು ತಿಂಗಳು ಬರೀ ಬಾಯಿಪಾಠ. ಹುಡುಗಿ ಚುರುಕು, ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. ನನಗೆ ಬಹಳ ಹೆಮ್ಮೆ. ಆದರೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಭಾಷಾಂತರದ ಪ್ರಶ್ನೆಗಳೆಲ್ಲ ನೆಲಕಚ್ಚಿದವು. ನಾನು ಗದರಿದೆ. ಅವಳು ತಲೆ ತಗ್ಗಿಸಿ ಹೇಳಿದಳು: "ಸಾರ್, ಬಾಯಿಪಾಠ ಬಂತು. ಯಾವಾಗ ಯಾವುದನ್ನು ಹಾಕಬೇಕು ಅಂತ ನೀವು ಹೇಳಲೇ ಇಲ್ಲ."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಪುಸ್ತಕ ಮುಚ್ಚಿಸಿ, ನಿಮ್ಮ ಮನೆಯ ಸಂಗತಿ ಒಂದು ವಾಕ್ಯ ಬರಿ ಅಂದೆ. ಅಜ್ಜಿ ಹುಲ್ಲು ಕೊಯ್ಯುವುದನ್ನು ಬರೆದಳು. ಕುಡುಗೋಲಿಗೆ 'ದಾತ್ರಂ' ಎಂಬ ಪದ ಕೊಟ್ಟಿದ್ದೆ. ಅವಳು ಬರೆದದ್ದು 'ದಾತ್ರೇ', ಸಪ್ತಮಿ ವಿಭಕ್ತಿ. ಅಂದರೆ ಅಜ್ಜಿ ಕುಡುಗೋಲಿನೊಳಗೆ ಕೂತು ಹುಲ್ಲು ಕೊಯ್ಯುತ್ತಿದ್ದಾಳೆ! ಕೆಂಪು ಪೆನ್ನು ಎತ್ತಿದವನು ಹಾಗೇ ನಿಲ್ಲಿಸಿ, ಇದನ್ನೇ ಕನ್ನಡದಲ್ಲಿ ಹೇಳಮ್ಮ ಅಂದೆ. "ಅಜ್ಜಿ ಕುಡುಗೋಲಲ್ಲಿ ಹುಲ್ಲು ಕೊಯ್ತಾರೆ ಸಾರ್."

ನಾವೆಲ್ಲ ಹೇಳುವುದು ಹಾಗೇ ತಾನೆ? ಪೆನ್ನಲ್ಲಿ ಬರೀತೀವಿ, ಬಸ್ಸಲ್ಲಿ ಹೋಗ್ತೀವಿ. ಅವಳ ಸಂಸ್ಕೃತ ತಪ್ಪಾಗಿತ್ತು, ಅದರ ಹಿಂದಿನ ಕನ್ನಡ ಸರಿಯಾಗಿತ್ತು. ನಲವತ್ತು ಮಕ್ಕಳ ತರಗತಿಯಾಗಿದ್ದರೆ ನಾನು ಗೀಟು ಎಳೆದು ಮುಂದೆ ಹೋಗುತ್ತಿದ್ದೆ.

ಅಂದಿನಿಂದ ಕನ್ನಡದಿಂದಲೇ ಶುರು ಮಾಡಿದೆವು. ಅಜ್ಜಿ ಕುಡುಗೋಲಿನಿಂದ ಕೊಯ್ದಳು, ಅಜ್ಜಿ ಗದ್ದೆಯಿಂದ ಬಂದಳು. ನಮಗೆ ಎರಡೂ ಕಡೆ 'ಇಂದ'. ಸಂಸ್ಕೃತಕ್ಕೆ ಮೊದಲನೆಯದು ಸಾಧನ, ಅದು ತೃತೀಯೆ, 'ದಾತ್ರೇಣ'. ಎರಡನೆಯದು ಬಿಟ್ಟುಬಂದ ಜಾಗ, ಅದು ಪಂಚಮಿ, 'ಕ್ಷೇತ್ರಾತ್'. ಕನ್ನಡ ವ್ಯಾಕರಣದಲ್ಲಿ ಪಂಚಮಿಗೆ 'ದೆಸೆಯಿಂದ' ಎಂದು ನಾನೇ ವರ್ಷಗಟ್ಟಲೆ ಪಾಠ ಮಾಡಿದ್ದೆ. ಮರದ ದೆಸೆಯಿಂದ ಹಣ್ಣು ಬಿತ್ತು ಎಂದು ಈ ಊರಿನ ಯಾರ ಬಾಯಲ್ಲೂ ಕೇಳಿದ್ದಿಲ್ಲ. ಸಂಸ್ಕೃತದ ದೂರದ ನೆಂಟನಾದ ಲ್ಯಾಟಿನ್ನಿನಲ್ಲೂ ಈ ಎರಡು ಕೆಲಸಕ್ಕೆ ಒಂದೇ ವಿಭಕ್ತಿ ಎಂದು ಆಮೇಲೆ ಓದಿದಾಗ ನನಗೆ ಸಮಾಧಾನವಾಯಿತು.

ಅವಳ ಪ್ರಶ್ನೆಗಳು ಹೆಚ್ಚಿದವು. 'ಮಿತ್ರಂ' ಅಂದರೆ ಸ್ನೇಹಿತ, ಅದು ನಪುಂಸಕಲಿಂಗ ಯಾಕೆ? ಹೆಂಡತಿ ಎಂಬ ಅರ್ಥದ 'ದಾರಾಃ' ಪುಲ್ಲಿಂಗ, ಅದೂ ಬಹುವಚನ ಯಾಕೆ? ಅಲ್ಲಿ ಲಿಂಗ ಇರುವುದು ಶಬ್ದಕ್ಕೆ, ಮನುಷ್ಯರಿಗಲ್ಲ ಅಂದೆ. ಮುಂದಕ್ಕೆ ನನಗೂ ಗೊತ್ತಿರಲಿಲ್ಲ, ಹಾಗೆಂದು ಒಪ್ಪಿಕೊಂಡೆ. 'ರಾಮೇಣ ಪುಸ್ತಕಂ ಪಠ್ಯತೇ' ಎಂಬುದಕ್ಕೆ "ರಾಮ ಪುಸ್ತಕ ಓದುತ್ತಾನೆ" ಎಂದು ಬರೆದಳು. ಒಳ್ಳೆಯ ಕನ್ನಡ. ಪರೀಕ್ಷೆಗೆ ಮಾತ್ರ 'ರಾಮನಿಂದ ಓದಲ್ಪಡುತ್ತದೆ' ಎಂದೇ ಬರಿ ಎಂದು ಹೇಳಿಕೊಟ್ಟೆ. ಆ ವಿಷಯದಲ್ಲಿ ನನ್ನ ಮನಸ್ಸು ಈಗಲೂ ಒಪ್ಪುವುದಿಲ್ಲ.

ದ್ವಿವಚನವೊಂದು ಉಳಿದಿತ್ತು. ಒಂದು, ಎರಡು, ಬಹಳ ಎಂದು ಮೂರು ವಚನ ಯಾಕೆ ಬೇಕು ಎಂಬುದು ಅವಳ ತಲೆಗೆ ಹೋಗಲಿಲ್ಲ. ಒಂದು ಭಾನುವಾರ ಅವಳನ್ನೂ ಅಜ್ಜಿಯನ್ನೂ ಕೂಡ್ಲಿಗೆ ಕರೆದುಕೊಂಡು ಹೋದೆ. ಸಂಗಮೇಶ್ವರನ ದರ್ಶನ ಮುಗಿಸಿ ನೀರಿನ ಹತ್ತಿರ ನಿಂತೆವು. ಆ ಕಡೆಯಿಂದ ತುಂಗೆ, ಈ ಕಡೆಯಿಂದ, ನಮ್ಮೂರನ್ನು ಹಾದು, ಭದ್ರೆ. ಹೇಳಮ್ಮ ಅಂದೆ. "ನದ್ಯೌ ಮಿಲತಃ" ಅಂದಳು. ನದಿಗಳೆರಡು ಸೇರುತ್ತವೆ. ನಾನು ಸರಿ ಅನ್ನುವಷ್ಟರಲ್ಲಿ ಅವಳೇ ಕೆಳಗಡೆ, ನೀರು ಹರಿದುಹೋಗುವ ಕಡೆ ಕೈ ತೋರಿಸಿ, "ಸಾರ್, ಅಲ್ಲಿಂದಾಚೆ ಏಕವಚನ" ಅಂದಳು.

ಅಜ್ಜಿಗೆ ಏನೂ ಅರ್ಥವಾಗದಿದ್ದರೂ ಜೋರಾಗಿ ನಕ್ಕರು.

ಹುಡುಗಿ ಪಾಸಾದಳು. ಅಂಕ ಎಷ್ಟು ಎಂದು ಅವಳನ್ನೇ ಕೇಳಿ, ಮೂರನೇ ಸಾಲಿನಲ್ಲಿ ಕೂತಿದ್ದಾಳೆ. 'ದಾತ್ರೇ' ಎಂದು ಬರೆದ ಆ ನೋಟ್‌ಬುಕ್ಕನ್ನು ನಾನು ವಾಪಸ್ ಕೊಟ್ಟಿರಲಿಲ್ಲ. ಅವಳ ಒಪ್ಪಿಗೆ ಪಡೆದು, ಇವತ್ತು ಶಾಲೆಯ ಗ್ರಂಥಾಲಯಕ್ಕೆ ಕೊಡುತ್ತಿದ್ದೇನೆ. ಮುಖ್ಯೋಪಾಧ್ಯಾಯರು ದಯವಿಟ್ಟು ಸ್ವೀಕರಿಸಬೇಕು.