ನಿಮೇಷದೊಳಗಣ ಕಾಲ
(ತುಮಕೂರು ಉಪ್ಪಾರಹಳ್ಳಿಯ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)



ಕಣ್ಣೆವೆ ಒಮ್ಮೆ ಬಡಿಯುವಷ್ಟು ಕಾಲವನ್ನು ಪೂರ್ವಿಕರು ನಿಮೇಷವೆಂದು ಕರೆದರು. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯಲ್ಲಿ ಆ ನಿಮೇಷವನ್ನು ಮೂವತ್ತು ಪಾಲು ಮಾಡಿ ತತ್ಪರವೆಂದೂ, ತತ್ಪರವನ್ನು ನೂರು ಪಾಲು ಮಾಡಿ ತ್ರುಟಿಯೆಂದೂ ಹೆಸರಿಟ್ಟರು. ಗಡಿಯಾರದ ಲೆಕ್ಕಕ್ಕೆ ತಂದರೆ ತ್ರುಟಿಯು ಒಂದು ಸೆಕೆಂಡಿನ 33,750ನೆಯ ಒಂದಂಶವಾಗುವುದು.

ಈಗಿನ ವಿಜ್ಞಾನಿಗಳು ಅಳೆಯುತ್ತಿರುವ ಅಟ್ಟೋಸೆಕೆಂಡು ಎಂಬ ಕಾಲಖಂಡವಾದರೋ ಇದಕ್ಕಿಂತಲೂ ಬಹು ದೂರದ್ದು. ಒಂದು ತ್ರುಟಿಯೊಳಗೆ ಅಂಥವು ಸುಮಾರು 30 ಲಕ್ಷ ಕೋಟಿ ಅಡಗಿರುತ್ತವೆ. ಬ್ರಹ್ಮಾಂಡವು ಹುಟ್ಟಿ ಇಂದಿಗೆ ಎಷ್ಟು ಸೆಕೆಂಡುಗಳು ಕಳೆದಿವೆಯೋ, ಅದರ ಇಮ್ಮಡಿಗೂ ಮಿಕ್ಕ ಅಟ್ಟೋಸೆಕೆಂಡುಗಳು ಒಂದೇ ಸೆಕೆಂಡಿನಲ್ಲಿ ಇವೆ.

ಇದನ್ನು ಕೇಳಿದೊಡನೆ, ಇದೆಲ್ಲವೂ ಪುರಾತನರಿಗೆ ತಿಳಿದಿತ್ತೆಂದು ಹೇಳುವವರು ಸಭೆಗೊಬ್ಬರು ಇದ್ದೇ ಇರುತ್ತಾರೆ. ಅದು ಸರಿಯಲ್ಲ. ಆಚಾರ್ಯರು ಕಾಲವನ್ನು ಬುದ್ಧಿಯಿಂದ ವಿಭಾಗಿಸಿದರೇ ಹೊರತು ತ್ರುಟಿಯನ್ನು ಅಳೆಯುವ ಯಂತ್ರವು ಅವರಲ್ಲಿರಲಿಲ್ಲ. ಪಾಠಶಾಲೆಯ ಬಾಲಕನಿಗೆ ಇಂಥ ಹುಸಿಹೆಮ್ಮೆಯನ್ನು ಕಲಿಸಿ ಕಳುಹಿಸಿದರೆ, ನಾಳೆ ಬೆಂಗಳೂರಿನ ಕಾಲೇಜಿನಲ್ಲಿ ಅವನು ನಗೆಗೀಡಾಗುವನು; ಆ ಬಳಿಕ ಭಾಸ್ಕರಾಚಾರ್ಯರ ನಿಜವಾದ ತ್ರುಟಿಯನ್ನೂ ನಂಬದೆ ಹೋಗುವನು. ನಷ್ಟವು ಎರಡು ಕಡೆಗೂ ಆಯಿತು.

ಇಷ್ಟು ಸೂಕ್ಷ್ಮಕಾಲವು ಏತಕ್ಕೆ ಬೇಕು? ಉಪ್ಪಾರಹಳ್ಳಿಯ ಬಳಿ ವೇಗವಾಗಿ ಹಾದುಹೋಗುವ ರೈಲಿನ ಛಾಯಾಚಿತ್ರವನ್ನು ತೆಗೆಯುವವನು ಯಂತ್ರದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಡಬ್ಬಿಗಳೆಲ್ಲ ಕಲಸಿ ಒಂದೇ ಪಟ್ಟಿಯಾಗುವುವು. ಅಣುಗಳ ವಿಷಯವೂ ಹಾಗೆಯೇ. ಅಣುವಿನೊಳಗೆ ಪರಮಾಣುಗಳು ಅಲುಗಾಡುವುದಕ್ಕೆ ಹತ್ತಾರು ಫೆಮ್ಟೋಸೆಕೆಂಡು ಹಿಡಿಯುವುದು. ಒಂದು ಫೆಮ್ಟೋಸೆಕೆಂಡೆಂದರೆ ಸಾವಿರ ಅಟ್ಟೋಸೆಕೆಂಡು. ಆ ಅಲುಗಾಟವನ್ನು ಹಿಡಿದ ಕಾರ್ಯಕ್ಕಾಗಿ ಈಜಿಪ್ಟಿನಲ್ಲಿ ಜನಿಸಿದ ಅಹಮದ್ ಜ್ವೈಲರು 1999ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಆದರೆ ಎಲೆಕ್ಟ್ರಾನುಗಳು ಅವಕ್ಕಿಂತ ಬಹು ಹಗುರ, ಆದುದರಿಂದ ಬಹು ಚುರುಕು. ಅವುಗಳ ಚಲನೆಗೆ ಅಟ್ಟೋಸೆಕೆಂಡೇ ತಕ್ಕ ಅಳತೆ.

ಇಲ್ಲೊಂದು ತೊಡಕಿತ್ತು. ಬೆಳಕು ಒಂದು ಅಲೆ. ಲೇಸರಿನ ಕೆಂಬೆಳಕಿನ ಒಂದು ಅಲೆಯು ಏರಿ ಇಳಿಯುವುದಕ್ಕೇ ಎರಡು ಫೆಮ್ಟೋಸೆಕೆಂಡಿಗಿಂತ ಹೆಚ್ಚು ಕಾಲ ಬೇಕು. ಅಂಥ ಬೆಳಕಿನಿಂದ ಅದಕ್ಕೂ ಕಿರಿದಾದ ಮಿಂಚನ್ನು ಕಡೆಯುವುದು ಹೇಗೆ? 1987ರಲ್ಲಿ ಫ್ರಾನ್ಸ್ ದೇಶದ ಆನ್ ಲುಯಿಲಿಯೆ ಎಂಬ ವಿದುಷಿಯೂ ಸಂಗಡಿಗರೂ ಪ್ರಬಲವಾದ ಲೇಸರನ್ನು ಜಡಾನಿಲದ ಮೂಲಕ ಹಾಯಿಸಿದಾಗ ದಾರಿ ತೋರಿತು. ಆ ಬೆಳಕು ಪರಮಾಣುವಿನಿಂದ ಎಲೆಕ್ಟ್ರಾನನ್ನು ಸೆಳೆದು, ತನ್ನ ಅಲೆಯು ಹೊರಳಿದಾಗ ಅದನ್ನು ಮರಳಿ ತಳ್ಳುವುದು. ಹಿಂದಿರುಗಿದ ಎಲೆಕ್ಟ್ರಾನು ತಾನು ಗಳಿಸಿದ ಶಕ್ತಿಯನ್ನು ನೇರಳಾತೀತ ಬೆಳಕಾಗಿ ಒಪ್ಪಿಸುವುದು. ತಂಬೂರಿಯ ತಂತಿಯನ್ನು ಮೀಟಿದರೆ ಮೂಲಸ್ವರದ ಮೇಲೆ ಉಪಸ್ವರಗಳು ಹೊಮ್ಮುವಂತೆ ಇಲ್ಲಿಯೂ ಅನೇಕ ಮೇಲಲೆಗಳು ಹುಟ್ಟುವುವು. ಅವುಗಳ ಶಿಖರಗಳು ಒಂದೆಡೆ ಕೂಡಿದಾಗ ಕ್ಷಣಿಕವಾದ ಮಿಂಚು, ಉಳಿದೆಡೆ ಪರಸ್ಪರ ಅಳಿದು ಕತ್ತಲೆ. 2001ರಲ್ಲಿ ಪಿಯೆರ್ ಆಗೋಸ್ತಿನಿ 250 ಅಟ್ಟೋಸೆಕೆಂಡಿನ ಮಿಂಚುಗಳ ಸಾಲನ್ನೂ, ಫೆರೆಂಟ್ಸ್ ಕ್ರೌಸ್ 650 ಅಟ್ಟೋಸೆಕೆಂಡಿನ ಒಂಟಿ ಮಿಂಚನ್ನೂ ಪಡೆದರು. ಮೂವರಿಗೂ 2023ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಮಿಂಚು ದೊರೆತ ಮೇಲೆ ನೋಡುವ ಕ್ರಮವು ಹೀಗಿದೆ. ಮೊದಲನೆಯ ಮಿಂಚು ಅಣುವನ್ನು ತಟ್ಟಿ ಎಬ್ಬಿಸುವುದು. ಎರಡನೆಯದು ತುಸು ತಡವಾಗಿ ಬಂದು ಸಮಾಚಾರವನ್ನು ವಿಚಾರಿಸುವುದು. ಒಂದು ಅಟ್ಟೋಸೆಕೆಂಡಿನಲ್ಲಿ ಬೆಳಕು ಪರಮಾಣುವಿನ ಅಗಲದಷ್ಟು ಮಾತ್ರ ನಡೆಯುವುದರಿಂದ, ಕನ್ನಡಿಯನ್ನು ಅತಿ ಸೂಕ್ಷ್ಮವಾಗಿ ಸರಿಸಿ ತಡವನ್ನು ಹೆಚ್ಚುಕಡಮೆ ಮಾಡುತ್ತಾರೆ. ಅಸಂಖ್ಯಾತ ಸಲ ಹೀಗೆ ಕೇಳಿ, ಬಂದ ಉತ್ತರಗಳನ್ನು ತಡದ ಅನುಕ್ರಮದಲ್ಲಿ ಜೋಡಿಸುತ್ತಾರೆ. ಪತ್ರಿಕೆಗಳಲ್ಲಿ ಎಲೆಕ್ಟ್ರಾನಿನ ಛಾಯಾಚಿತ್ರವೆಂದು ಬರೆಯುವರಷ್ಟೆ. ಅದು ಅಲಂಕಾರದ ಮಾತು. ಎಲೆಕ್ಟ್ರಾನು ಗೋಲಿಯಲ್ಲ. ಅದು ಇಲ್ಲಿರಬಹುದು, ಅಲ್ಲಿರಬಹುದು ಎಂಬ ಸಂಭವದ ಮೋಡವು ಹೇಗೆ ತೂಗಿತೆಂಬುದೇ ಅಲ್ಲಿ ತಿಳಿಯತಕ್ಕ ವಿಷಯ.

ಈ ಕಥೆಯಲ್ಲಿ ಕನ್ನಡನಾಡಿಗೂ ಒಂದು ಸ್ಥಾನವುಂಟು. ಅಣುವಿನಿಂದ ಚದರಿದ ಬೆಳಕು ಬಣ್ಣ ಬದಲಿಸಿ ಅದರ ಒಳಗುಟ್ಟನ್ನು ಹೇಳುವುದೆಂಬ ಸಂಗತಿಯನ್ನು ಸರ್ ಸಿ. ವಿ. ರಾಮನ್ನರು ಕಲ್ಕತ್ತೆಯಲ್ಲಿ ಕಂಡು, 1928ನೆಯ ಮಾರ್ಚಿ 16ರಂದು ಬೆಂಗಳೂರಿನಲ್ಲಿ ವಿದ್ವತ್ಸಭೆಯ ಮುಂದೆ ವಿವರಿಸಿದರು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದ ನಿರ್ದೇಶಕರಾಗಿ ಬಂದರು. ಅದೇ ಮಂದಿರದಲ್ಲಿ ಪ್ರೊಫೆಸರ್ ಶಿವ ಉಮಾಪತಿಯವರೂ ಅವರ ಶಿಷ್ಯರೂ ರಾಮನ್ ಪರಿಣಾಮವನ್ನು ಫೆಮ್ಟೋಸೆಕೆಂಡು ಮಿಂಚುಗಳೊಡನೆ ಕೂಡಿಸಿ, ಬೆಳಕು ತಾಕಿದ ಅಣುವು ಕ್ಷಣಕ್ಷಣಕ್ಕೂ ಆಕಾರ ಬದಲಿಸುವುದನ್ನು ಪರೀಕ್ಷಿಸುವ ವಿಧಾನವೊಂದನ್ನು ರೂಪಿಸಿದರು. ಇದು ಪರಮಾಣುಗಳ ಚಲನೆಯ ಮಟ್ಟದ್ದು, ಅಟ್ಟೋಸೆಕೆಂಡಿನದಲ್ಲ. ಆದರೂ ಮೆಟ್ಟಿಲಿನ ಹಿಂದಿನ ಹಂತವನ್ನು ಬಿಟ್ಟು ಮುಂದಿನದನ್ನು ಏರಲಾಗದು.

ಆ ಮುಂದಿನ ಹಂತದ ಫಲವು 2014ರಲ್ಲಿ ಪ್ರಕಟವಾಯಿತು. ಹಾಲುಬೇಳೆಗಳ ಪ್ರೋಟೀನಿನಲ್ಲಿರುವ ಫಿನೈಲ್‌ಅಲನಿನ್ ಎಂಬ ಅಣುವನ್ನು ಯೂರೋಪಿನ ವಿಜ್ಞಾನಿಗಳು ಅಟ್ಟೋಸೆಕೆಂಡು ಮಿಂಚಿನಿಂದ ತಟ್ಟಿ ನೋಡಿದರು. ಎಲೆಕ್ಟ್ರಾನೊಂದು ಹೊರಬಿದ್ದೊಡನೆ ಅಣುವಿನೊಳಗಿನ ವಿದ್ಯುದಂಶವು ಸುಮಾರು 4.3 ಫೆಮ್ಟೋಸೆಕೆಂಡಿಗೊಮ್ಮೆ ಉಯ್ಯಾಲೆಯಂತೆ ತೂಗಿತು. ತೂಕದ ಪರಮಾಣುಗಳು ಆಗಿನ್ನೂ ಸ್ಥಳ ಬಿಟ್ಟು ಹೆಚ್ಚು ಕದಲಿರಲಿಲ್ಲ.