ಗ್ರಾಮಠಾಣದ ಆಚೆಯ ಊರು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ ಭೂಬಳಕೆಯ ನೀತಿ

ಒಂದು ಗ್ರಾಮದಲ್ಲಿ ಮನೆ ಎಲ್ಲಿ ಏಳಬಹುದು, ರಸ್ತೆ ಎತ್ತ ಸಾಗಬಹುದು, ಯಾವ ನೆಲ ಕಾಡಾಗಿಯೇ ಉಳಿಯಬೇಕು ಎಂಬುದನ್ನು ಗೊತ್ತುಮಾಡುವ ಕಾಯಿದೆ, ನಿಯಮ, ನಕ್ಷೆಗಳನ್ನು ಒಟ್ಟಾಗಿ ಭೂಬಳಕೆಯ ನೀತಿ ಎನ್ನಲಾಗುತ್ತದೆ. ಕರ್ನಾಟಕದಲ್ಲಿ ಇದಕ್ಕೆಂದೇ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಇದೆಯಾದರೂ, ಆ ಕಾಯಿದೆಯ ಮುಖ್ಯ ಸಾಧನವಾದ ಮಹಾಯೋಜನೆ ಸಿದ್ಧವಾಗುವುದು ಸರ್ಕಾರ ‘ಸ್ಥಳೀಯ ಯೋಜನಾ ಪ್ರದೇಶ’ವೆಂದು ಘೋಷಿಸಿದ ಜಾಗಗಳಿಗೆ ಮಾತ್ರ; ಹೆಸರಿನಲ್ಲಿ ಗ್ರಾಮಾಂತರವಿದ್ದರೂ ಅದರ ಗಮನವೆಲ್ಲ ಪಟ್ಟಣಗಳ ಮೇಲೆಯೇ ಇದೆ. ಹೀಗಾಗಿ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಹಳ್ಳಿಗಳ ಸ್ವರೂಪವನ್ನು ತಿದ್ದಿದ್ದು ಯಾವ ಗ್ರಾಮಯೋಜನೆಯೂ ಅಲ್ಲ. ಪಹಣಿಯಲ್ಲಿ ಆ ನೆಲ ಯಾವ ವರ್ಗಕ್ಕೆ ಸೇರಿದೆ ಎಂಬ ನಮೂದೇ ಅವುಗಳ ನಿಜವಾದ ಯೋಜನೆಯಾಗಿ ಪರಿಣಮಿಸಿದೆ.

ಈ ಸೀಮೆಯ ಊರಿನ ರಚನೆಯನ್ನು ಗಮನಿಸದೆ ಸಮಸ್ಯೆಯ ಆಳ ತಿಳಿಯುವುದಿಲ್ಲ. ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಒಂದೆಡೆ ಗುಂಪುಗೂಡಿರುತ್ತವೆ. ಕಂದಾಯ ದಾಖಲೆ ಹೀಗೆ ವಾಸಕ್ಕೆಂದು ಗುರುತಿಸಿದ ಜಾಗವನ್ನು ಗ್ರಾಮಠಾಣ ಎನ್ನುತ್ತದೆ. ಮಲೆನಾಡಿನಲ್ಲಿ ಮನೆ ನಿಲ್ಲುವುದು ತೋಟದ ತಲೆಯಲ್ಲಿ, ಗದ್ದೆಯ ಅಂಚಿನಲ್ಲಿ, ನೀರಿನ ಒರತೆಯ ಪಕ್ಕದಲ್ಲಿ. ಒಂದು ಮನೆಯಿಂದ ಇನ್ನೊಂದಕ್ಕೆ ಹಳ್ಳ ದಾಟಿ, ಗುಡ್ಡ ಏರಿ ಹೋಗಬೇಕಾಗುತ್ತದೆ. ಇಂತಹ ಊರಿಗೆ ಗ್ರಾಮಠಾಣದ ಲೆಕ್ಕದ ನಿಯಮಗಳನ್ನು ಹೊಂದಿಸಹೊರಟಾಗ ತೊಡಕು ತಲೆದೋರುತ್ತದೆ. ಗ್ರಾಮ ಪಂಚಾಯಿತಿಗಳ ಇ-ಸ್ವತ್ತು ವ್ಯವಸ್ಥೆಯಲ್ಲಿ ಆಸ್ತಿಯ ದಾಖಲೆಗಳಾದ ನಮೂನೆ 9 ಮತ್ತು 11 ಸುಲಭವಾಗಿ ದೊರೆಯುವುದು ಗ್ರಾಮಠಾಣದೊಳಗಿನ ಅಥವಾ ವಿಧಿವತ್ತಾಗಿ ಪರಿವರ್ತನೆಯಾದ ನಿವೇಶನಗಳಿಗೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಅಳತೆಯೂ ಜನವಸತಿಯ ನೆಲವನ್ನೇ ಗುರಿಯಾಗಿಟ್ಟುಕೊಂಡದ್ದು. 1964ರ ಭೂಕಂದಾಯ ಕಾಯಿದೆಯ 95ನೇ ಕಲಮು ಕೃಷಿಗೆ ಪೂರಕವಾದ ಕಟ್ಟಡಕ್ಕೆ ಅವಕಾಶ ಕೊಡುತ್ತದೆಯಾದರೂ, ಅದೇ ತೋಟದ ಮೂಲೆಯಲ್ಲಿ ಅಂಗಡಿ ಕಟ್ಟಬಯಸುವವರು ಭೂಪರಿವರ್ತನೆಗಾಗಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ತಲೆಮಾರುಗಳಿಂದ ಮನೆಯಿದ್ದ ಜಾಗವೂ ಕಾಗದದ ಮೇಲೆ ಕೃಷಿಭೂಮಿಯಾಗಿಯೋ ಸರ್ಕಾರಿ ಭೂಮಿಯಾಗಿಯೋ ಉಳಿದಿರುವಾಗ, ಸಾಲ, ವಿಭಾಗ, ದುರಸ್ತಿ ಇವೆಲ್ಲ ಆ ಕಾಗದದ ಬಳಿಯೇ ಬಂದು ನಿಲ್ಲುತ್ತವೆ.

ತೋಟದಿಂದ ಆಚೆಗಿನ ನೆಲದ ಸ್ಥಿತಿ ಇನ್ನೂ ಜಟಿಲ. ಅಡಕೆ ತೋಟಕ್ಕೆ ಸೊಪ್ಪು, ದರಗು ಒದಗಿಸುವ ಗುಡ್ಡವನ್ನು ಸೊಪ್ಪಿನಬೆಟ್ಟ ಎನ್ನುತ್ತಾರೆ. ಹಳೆ ಮೈಸೂರು ಸೀಮೆಯ ಕಾನು, ಅಂದರೆ ದಟ್ಟ ಕಾಡು, ಮತ್ತು ಸೊಪ್ಪಿನಬೆಟ್ಟಗಳಲ್ಲಿ ಕೃಷಿಕರಿಗಿದ್ದ ಸವಲತ್ತನ್ನು ಭೂಕಂದಾಯ ಕಾಯಿದೆಯ 79ನೇ ಕಲಮು ಮಾನ್ಯ ಮಾಡಿದೆ. ಆದರೆ ಸವಲತ್ತು ಒಡೆತನವಲ್ಲ. 1963ರ ಕರ್ನಾಟಕ ಅರಣ್ಯ ಕಾಯಿದೆಯ 4ನೇ ಕಲಮಿನಡಿ ಮೀಸಲು ಅರಣ್ಯದ ಉದ್ದೇಶ ಪ್ರಕಟವಾಗಿ, ಹಕ್ಕುಗಳ ವಿಚಾರಣೆ ಮುಗಿದು 17ನೇ ಕಲಮಿನ ಅಂತಿಮ ಘೋಷಣೆ ಬರುವವರೆಗಿನ ನಡುಗಾಲ ದಶಕಗಳಷ್ಟು ಹಿಗ್ಗಬಲ್ಲದು. ಅದರ ಮೇಲೆ 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂದಿತು, 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶದಿಂದ ದಾಖಲೆಯಲ್ಲಿ ಅರಣ್ಯವೆನಿಸದ ನೆಲವೂ ಲಕ್ಷಣದಿಂದ ಅರಣ್ಯವೆನಿಸಿಕೊಳ್ಳುವಂತಾಯಿತು. ಜನರ ಬಾಯಲ್ಲಿ ‘ಡೀಮ್ಡ್’ ಎಂದೇ ನೆಲೆಗೊಂಡಿರುವ ವರ್ಗ ಇದರ ಫಲ. ಜೊತೆಗೆ ಶೃಂಗೇರಿಯ ಕಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ನರಸಿಂಹರಾಜಪುರದ ಕಡೆ ಭದ್ರಾ ಜಲಾಶಯದ ಹಿನ್ನೀರು ಮತ್ತು ಭದ್ರಾ ಹುಲಿ ಮೀಸಲು ಪ್ರದೇಶ. ಒಂದೇ ಕುಟುಂಬದ ಬದುಕು ಕಂದಾಯ ಇಲಾಖೆ, ಅರಣ್ಯ ಇಲಾಖೆ, ಪಂಚಾಯಿತಿ ಎಂಬ ಮೂರು ನಕ್ಷೆಗಳಲ್ಲಿ ಹಂಚಿಹೋಗಿದ್ದು, ಆ ಮೂರೂ ನಕ್ಷೆಗಳು ಪರಸ್ಪರ ತಾಳೆಯಾಗದಿರುವುದೇ ಇಲ್ಲಿನ ದೊಡ್ಡ ಅನ್ಯಾಯ.

ಪಶ್ಚಿಮ ಘಟ್ಟದ ಕುರಿತು 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿ ವರದಿ ಕೊಟ್ಟ ಮೇಲೆ ನಾಲ್ಕನೆಯ ನಕ್ಷೆಯೊಂದು ಬಂದಿತು. ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳಲ್ಲಿ ಈ ಮೂರೂ ತಾಲ್ಲೂಕುಗಳ ಗ್ರಾಮಗಳ ಹೆಸರುಗಳಿವೆ. ಗಣಿ, ಕಲ್ಲುಕೋರೆ, ಮರಳುಗಾರಿಕೆ, ಹೆಚ್ಚು ಮಾಲಿನ್ಯದ ‘ಕೆಂಪು’ ವರ್ಗದ ಕೈಗಾರಿಕೆ, 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಟ್ಟಡ ಇಂಥವುಗಳನ್ನು ನಿಷೇಧಿಸುವ ಕರಡು, ಈಗಿರುವ ವಾಸದ ಮನೆಗಳ ದುರಸ್ತಿ, ವಿಸ್ತರಣೆಯನ್ನು ತಡೆಯುವುದಿಲ್ಲ. ಹಾಗಿದ್ದೂ ಭಯ ಹಬ್ಬಿದ್ದಕ್ಕೆ ಕಾರಣವಿದೆ: ಶೇಕಡಾ 20ರಷ್ಟು ಅಥವಾ ಅದಕ್ಕಿಂತ ಹೆಚ್ಚು ಸೂಕ್ಷ್ಮ ನೆಲವಿದ್ದರೆ ಇಡೀ ಕಂದಾಯ ಗ್ರಾಮವೇ ಸೂಕ್ಷ್ಮವೆನಿಸುವ ಮಾನದಂಡದಿಂದ ತೋಟ, ಗದ್ದೆ, ಅಂಗಳಗಳೂ ಕಾಡಿನೊಡನೆ ಒಂದೇ ಪಟ್ಟಿಗೆ ಸೇರಿದವು. ಈ ಮೊದಲೇ ಮೂರು ನಕ್ಷೆಗಳಿಂದ ನೊಂದವರು ನಾಲ್ಕನೆಯದನ್ನು ನಂಬಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿತಾದರೂ, ಗುಡ್ಡ ಜರಿಯುವ ಮಳೆಗಾಲಗಳು ಎತ್ತಿದ ಪ್ರಶ್ನೆ ಹಾಗೆಯೇ ಉಳಿದಿದೆ. ರಕ್ಷಣೆ ಬೇಕೇ ಬೇಕು. ಅದರ ಗೆರೆ ಎಳೆಯುವಾಗ ಆ ಊರಿನವರು ಎದುರಿಗಿರಬೇಕು.

ಊರಿನವರೇ ಗೆರೆ ಎಳೆಯುವುದಕ್ಕೆ ಬೇರೆಡೆ ಮಾದರಿಯುಂಟು. ಇಂಗ್ಲೆಂಡಿನಲ್ಲಿ 1947ರ ಯೋಜನಾ ಕಾಯಿದೆಯಿಂದ ಕಟ್ಟಡ ಕಟ್ಟುವ ಹಕ್ಕು ಯೋಜನಾ ಅನುಮತಿಗೆ ಒಳಪಟ್ಟಿತು. 2011ರ ಸ್ಥಳೀಯತಾ ಕಾಯಿದೆ ಅಲ್ಲಿನ ಪ್ಯಾರಿಷ್ ಕೌನ್ಸಿಲ್, ಅಂದರೆ ನಮ್ಮ ಗ್ರಾಮ ಪಂಚಾಯಿತಿಯನ್ನು ಹೋಲುವ ಸಂಸ್ಥೆ, ತನ್ನ ಊರಿನ ಯೋಜನೆಯನ್ನು ತಾನೇ ಬರೆದು ಜನಮತಗಣನೆಗೆ ಇಡುವ ಅವಕಾಶ ಕೊಟ್ಟಿತು. ಬಹುಮತ ದೊರೆತ ಯೋಜನೆಗೆ ಕಾನೂನಿನ ಬಲವಿರುತ್ತದೆ, ಆದರೆ ಅದು ಮೇಲಿನ ಹಂತದ ನೀತಿಯ ಆಶಯವನ್ನು ಮೀರುವಂತಿಲ್ಲ.

ಕರ್ನಾಟಕದ ಕಾನೂನಿನಲ್ಲಿ ಇಂತಹುದಕ್ಕೆ ಆಸರೆ ಇಲ್ಲವೆನ್ನಲಾಗದು. 1993ರ ಪಂಚಾಯತ್ ರಾಜ್ ಕಾಯಿದೆಯ 64ನೇ ಕಲಮು ಕಟ್ಟಡಕ್ಕೆ ಅನುಮತಿ ಕೊಡುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ನೀಡಿದೆ. 2006ರ ಅರಣ್ಯ ಹಕ್ಕು ಕಾಯಿದೆಯ 3(2)ನೇ ಕಲಮಂತೂ ಗ್ರಾಮಸಭೆಯ ಶಿಫಾರಸಿನ ಮೇಲೆ ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ತಂತಿ, ರಸ್ತೆ ಮೊದಲಾದ ಹದಿಮೂರು ಬಗೆಯ ಸೌಕರ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಬೀಳದಂತೆ, ಒದಗಿಸಲು ದಾರಿ ಮಾಡಿದೆ. ಪರಿಶಿಷ್ಟ ಪಂಗಡಕ್ಕೆ ಸೇರದ ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕೆಂಬ ಷರತ್ತಿನ ಮೇಲೆಯೇ ಚರ್ಚೆಯೆಲ್ಲ ನಿಂತಿರುವುದರಿಂದ, ಸಮುದಾಯಕ್ಕೆ ಸಂಬಂಧಿಸಿದ ಈ ಕಲಮಿನತ್ತ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಮಳೆಗಾಲದಲ್ಲಿ ಕಾಲುಸಂಕ ದಾಟಿ ಶಾಲೆಗೆ ಹೋಗುವ ಮಕ್ಕಳಿರುವ ಊರಿನಲ್ಲಿ ರಸ್ತೆಗಾಗಿ ಗ್ರಾಮಸಭೆ ಕೈಗೊಳ್ಳುವ ಒಂದು ಸರಿಯಾದ ನಿರ್ಣಯ, ವರ್ಷಗಟ್ಟಲೆ ಸಲ್ಲಿಸಿದ ಮನವಿಗಳಿಗಿಂತ ಹೆಚ್ಚು ಕೆಲಸ ಮಾಡಬಲ್ಲದು.

ಈ ಸೀಮೆಗೆ ಬೇಕಾದ ಗ್ರಾಮಯೋಜನೆ ಸರ್ವೆ ನಂಬರಿನ ಮಟ್ಟದಲ್ಲಿರಬೇಕು: ಇರುವ ಮನೆಗಳನ್ನು ಅವು ನಿಂತಲ್ಲಿಯೇ ವಾಸಸ್ಥಳವೆಂದು ಗುರುತಿಸಬೇಕು, ಸೊಪ್ಪಿನಬೆಟ್ಟದ ಗಡಿಯನ್ನು ಅರಣ್ಯ ಮತ್ತು ಕಂದಾಯ ಇಲಾಖೆಗಳು ಜಂಟಿ ಸರ್ವೆಯಲ್ಲಿ ಒಪ್ಪಬೇಕು, ಒರತೆಯ ಮೇಲ್ಭಾಗದ ಇಳಿಜಾರಿನಲ್ಲಿ ಮಣ್ಣು ಅಗೆದು ಹೋಂಸ್ಟೇ ಕಟ್ಟುವುದನ್ನು ಆ ಊರೇ ಬೇಡವೆನ್ನಬೇಕು. ಚದುರಿದ ಮನೆಗಳ ಜನ ಪಂಚಾಯಿತಿ ಕೇಂದ್ರಕ್ಕೆ ಬಂದು ಇಷ್ಟೆಲ್ಲ ಚರ್ಚಿಸಲಾರರು. ಆದ್ದರಿಂದ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಪಂಚಾಯತ್ ರಾಜ್ ಕಾಯಿದೆ ಹೇಳುವ ವಾರ್ಡ್ ಸಭೆಯಲ್ಲಿ, ಕಂದಾಯ, ಅರಣ್ಯ, ಪಂಚಾಯಿತಿಗಳ ಮೂರೂ ನಕ್ಷೆಗಳನ್ನು ಜೊತೆಗಿಟ್ಟುಕೊಂಡು, ಗ್ರಾಮ ಆಡಳಿತಾಧಿಕಾರಿ ಮತ್ತು ಅರಣ್ಯ ಸಿಬ್ಬಂದಿಯ ಸಮಕ್ಷಮದಲ್ಲಿ ಈ ಕೆಲಸ ಆರಂಭವಾಗಬೇಕಾಗಿದೆ.