ಹಿಗ್ಗು



ಸಂತೋಷ ಬೇರೆ, ಹಿಗ್ಗು ಬೇರೆ. ಸಂಬಳದ ದಿನ ಸಂತೋಷವಾಗುತ್ತದೆ. ಹಿಗ್ಗಿದವನಿಗೆ ಮೈಮೇಲೆ ಎಚ್ಚರವಿರದು.

ತೈತ್ತಿರೀಯ ಉಪನಿಷತ್ತು ಆನಂದಕ್ಕೂ ಲೆಕ್ಕವಿಟ್ಟಿದೆ. ದೃಢಕಾಯನೂ ವಿದ್ಯಾವಂತನೂ ಆದ ಯುವಕನಿಗೆ ಸಂಪತ್ತು ತುಂಬಿದ ಭೂಮಿಯೆಲ್ಲ ದೊರೆತರೆ ಅದು ಒಂದು ಮಾನುಷಾನಂದ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಿಗೂ ನೂರ್ಮಡಿ. ಬ್ಯಾಂಕಿನ ಗುಮಾಸ್ತರಾದ ನಮಗೆ ಈ ಲೆಕ್ಕ ಹಿಡಿಸದಿದ್ದೀತೇ! ಆಸೆಗೆ ಸಿಕ್ಕದ ಶ್ರೋತ್ರಿಯನಿಗೂ ಅಷ್ಟೇ ಆನಂದವೆಂದು ಅಲ್ಲಿಯೇ ಹೇಳಿದೆ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಮರಾಠವಾಡಾ ಮುಂಬಯಿಗೆ, ತೆಲಂಗಾಣ ಆಂಧ್ರಪ್ರದೇಶಕ್ಕೆ. ನಮ್ಮ ಗುಲ್ಬರ್ಗ, ರಾಯಚೂರು, ಬೀದರ್ ಮೈಸೂರು ರಾಜ್ಯಕ್ಕೆ. ಈ ನಗರದ ಕನ್ನಡಿಗರು ಇದ್ದಲ್ಲೇ ಉಳಿದರು. ತವರು ಒಂದು ರಾಜ್ಯ, ಮನೆ ಇನ್ನೊಂದು. ನಮ್ಮ ಹಿರಿಯರು ಶ್ರೋತ್ರಿಯರಲ್ಲ, ಆಸೆ ತೊರೆದವರೂ ಅಲ್ಲ. ಆದರೂ ತಾವು ಹೊರಗುಳಿದ ನಾಡು ಒಂದಾಯಿತೆಂದು ಹಿಗ್ಗಿದರು. ಮಗಳನ್ನು ಒಳ್ಳೆಯ ಮನೆಗೆ ಕೊಟ್ಟ ತಂದೆಯೂ ಹಾಗೆಯೇ: ಕಣ್ಣಲ್ಲಿ ನೀರು, ಹಿಗ್ಗು ಸುಳ್ಳಲ್ಲ.

ತವರನ್ನು ರಜೆಯಲ್ಲಿ ಮಾತ್ರ ಕಂಡ ನಮ್ಮ ಮಕ್ಕಳಿಗೆ ರಾಜ್ಯೋತ್ಸವವು ಸಿಹಿ ಹಂಚುವ ಸಂತೋಷವಷ್ಟೇ ಆದೀತೆಂಬ ಅಳುಕು ನಮಗಿದೆ. ಆ ದಿನವನ್ನು ಕಂಡ ಅಜ್ಜಂದಿರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ; ಸಿಹಿಗೆ ಮೊದಲು ಅವರಲ್ಲೊಬ್ಬರ ಮಾತು ಕೇಳೋಣ.